ಹೆದ್ದಾರಿಯ ದೀಪದ ಫಲಕ ದಂಡ ಹಾಕುತ್ತದೆಯೇ?

ಪ್ರಶ್ನೆ: ಹೊಸಪೇಟೆಯಿಂದ ಕುಷ್ಟಗಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅಂಕಿ ಮಿನುಗುವ ಎಲೆಕ್ಟ್ರಾನಿಕ್ ಫಲಕಗಳಿವೆ. ಅವುಗಳೊಳಗೆ ಕ್ಯಾಮೆರಾ ಇದೆ, 80 ದಾಟಿದ ಕೂಡಲೇ ಫೋಟೋ ತೆಗೆದು ಫಾಸ್ಟ್ಯಾಗ್‌ನಿಂದಲೇ 2,000 ರೂಪಾಯಿ ಕತ್ತರಿಸುತ್ತದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ಎರಡು ಟೋಲ್‌ಗಳ ನಡುವಿನ ಸಮಯ ಲೆಕ್ಕ ಹಾಕಿಯೂ ದಂಡ ಹಾಕುತ್ತಾರಂತೆ. ಇದು ನಿಜವೇ?
— ಓದುಗರು, ಕೊಪ್ಪಳ ತಾಲ್ಲೂಕು

ಉತ್ತರ: ಇದೇ ಪ್ರಶ್ನೆಯನ್ನು ಗಂಗಾವತಿಯ ಅಕ್ಕಿ ಲಾರಿಯವರು ಕೇಳಿದ್ದಾರೆ, ಗಿಣಿಗೇರಿಯ ಕಾರ್ಖಾನೆಗೆ ದಿನವೂ ಓಡಾಡುವವರು ಕೇಳಿದ್ದಾರೆ, ನಮ್ಮ ಮನೆಯಲ್ಲಿಯೂ ಕೇಳಿದ್ದಾರೆ. ಚುಟುಕಾಗಿ ಹೇಳಿಬಿಡುತ್ತೇನೆ. ದೀಪದ ಫಲಕ ದಂಡ ಹಾಕುವುದಿಲ್ಲ. ವೇಗದ ದಂಡವನ್ನು ಫಾಸ್ಟ್ಯಾಗ್ ಖಾತೆಯಿಂದ ಕತ್ತರಿಸುವುದೂ ಇಲ್ಲ. ಆದರೆ ವೇಗ ಹಿಡಿಯುವ ಕ್ಯಾಮೆರಾ ಎಂಬುದು ಸುಳ್ಳಲ್ಲ. ಅದಕ್ಕೊಂದು ಕಾನೂನಿದೆ, ಆ ಕಾನೂನಿಗೆ ಶರತ್ತುಗಳಿವೆ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದರಿಂದ ಈ ಅಂತೆ ಕಂತೆಗಳ ಸಂತೆ ನೆರೆದಿದೆ.

ಫಲಕದಿಂದಲೇ ಆರಂಭಿಸೋಣ. ಕಳೆದ ತಿಂಗಳು ಕೊಪ್ಪಳದಿಂದ ಹೊಸಪೇಟೆಗೆ ಹೋಗುವಾಗ ಅಂಥದ್ದೊಂದು ಫಲಕದ ಎದುರಿನ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತಿದ್ದೆ. ಮಿರ್ಚಿ ಮುಗಿದರೂ ಏಳಲು ಮನಸ್ಸಾಗಲಿಲ್ಲ, ನೋಟ ಅಷ್ಟು ಚೆನ್ನಾಗಿತ್ತು. ವಾಹನ ಹತ್ತಿರ ಬಂದಾಗ ಫಲಕದಲ್ಲಿ ಅದರ ವೇಗ ಮೂಡುತ್ತಿತ್ತು: ಮಿತಿಯೊಳಗಿದ್ದರೆ ಹಸಿರು, ದಾಟಿದರೆ ಕೆಂಪು. ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ತೇಕುತ್ತಾ ಬಂತು. ಫಲಕದಲ್ಲಿ ಕೆಂಪು 92! ಚಾಲಕ ಗಾಬರಿಯಾಗಿ ಬ್ರೇಕ್ ಒತ್ತಿಯೇಬಿಟ್ಟ. ಆ 92 ಅವನ ಪಕ್ಕದಿಂದ ಸುಂಯ್ ಎಂದು ದಾಟಿಹೋದ ಕಾರಿನದು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವನು ಮಾತ್ರ ಬಹಳ ದೂರದವರೆಗೆ ಹಿಂದಿರುಗಿ ನೋಡುತ್ತಲೇ ಹೋದ.

ಇಡೀ ಗುಟ್ಟು ಆ ಟ್ರ್ಯಾಕ್ಟರಿನಲ್ಲಿದೆ. ಇಂಥ ಫಲಕದೊಳಗೆ ಇರುವುದು ಪುಟ್ಟ ರಾಡಾರ್. ಅದು ರೇಡಿಯೊ ಅಲೆಗಳನ್ನು ಬಿಡುತ್ತದೆ, ಅವು ಎದುರು ಬರುವ ವಾಹನಕ್ಕೆ ಬಡಿದು ಮರಳುತ್ತವೆ. ರೈಲು ಹತ್ತಿರ ಬರುವಾಗ ಸೀಟಿಯ ದನಿ ಏರಿದಂತೆ ಕೇಳಿಸುತ್ತದಲ್ಲ, ಹಾಗೆಯೇ ಮರಳಿದ ಅಲೆಯ ಆವರ್ತನವೂ ಏರಿರುತ್ತದೆ. ಎಷ್ಟು ಏರಿದೆ ಎಂಬುದರಿಂದ ವೇಗ ಗೊತ್ತಾಗುತ್ತದೆ. ಬಂದ ಅಲೆ ಟ್ರ್ಯಾಕ್ಟರಿನದೋ ಕಾರಿನದೋ ಎಂಬುದು ಬರೀ ಇಂಥ ಫಲಕಕ್ಕೆ ತಿಳಿಯದು. ನಂಬರ್ ಪ್ಲೇಟ್ ಅಂತೂ ಅದಕ್ಕೆ ಕಾಣುವುದೇ ಇಲ್ಲ. ಯಾರ ವೇಗವೆಂದೇ ಗೊತ್ತಿಲ್ಲದ ಯಂತ್ರ ಯಾರಿಗೆ ದಂಡ ಹಾಕೀತು? ಚಾಲಕನಿಗೆ ಅವನ ವೇಗವನ್ನು ನೆನಪಿಸುವುದು ಅದರ ಕೆಲಸ.

ಅದೇ ಅಂಗಡಿಯಲ್ಲಿ ಜೀಪಿನವರೊಬ್ಬರು, "ನನ್ನ ಮೀಟರ್‌ನಲ್ಲಿ 80 ಇತ್ತು, ಇದು 76 ತೋರಿಸಿತು, ಫಲಕವೇ ಕೆಟ್ಟಿದೆ" ಎಂದು ವಾದಿಸಿದರು. ಕೆಟ್ಟಿಲ್ಲ. ವಾಹನದ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಎಂಬುದು ನಿಯಮ. ಹಾಗಾಗಿ ತಯಾರಕರು ಅದನ್ನು ತುಸು ಹೆಚ್ಚೇ ತೋರಿಸುವಂತೆ ಇಟ್ಟಿರುತ್ತಾರೆ. ಮೇಲಾಗಿ ರಾಡಾರ್ ರಸ್ತೆಯ ಬದಿಯಿಂದ ಓರೆಯಾಗಿ ನೋಡಿದಾಗ ಅಳತೆ ನಿಜಕ್ಕಿಂತ ಚೂರು ಕಡಿಮೆ ಬರುತ್ತದೆ. ಎರಡೂ ತಪ್ಪುಗಳು ಚಾಲಕನ ಪರವಾಗಿಯೇ ಇವೆ.

ಇನ್ನೊಂದು ಬಗೆಯ ಫಲಕ ರಸ್ತೆಗೆ ಅಡ್ಡಲಾಗಿ ಎತ್ತರದ ಕಮಾನಿನ ಮೇಲೆ ಇರುತ್ತದೆ. "ಮುಂದೆ ಕಾಮಗಾರಿ", "ಸೀಟ್ ಬೆಲ್ಟ್ ಧರಿಸಿ" ಎಂದು ಅಕ್ಷರ ಬದಲಾಗುತ್ತಿರುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಕಳುಹಿಸಿದ್ದನ್ನು ಅದು ಓದಿ ಹೇಳುತ್ತದೆ, ಊರ ಡಂಗುರದವನ ಹಾಗೆ. ಇಂಥ ಫಲಕಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2010ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ನಮಗೆ ಹೊಸದೆನಿಸಿದರೂ ವಿಷಯ ಹಳೆಯದು. ಒಂದೇ ಕಮಾನಿನ ಮೇಲೆ ಫಲಕದ ಪಕ್ಕದಲ್ಲಿ ಕ್ಯಾಮೆರಾವನ್ನೂ ಕೂರಿಸಿರಬಹುದು. ಒಂದೇ ಕಂಬದಲ್ಲಿದ್ದ ಮಾತ್ರಕ್ಕೆ ಎರಡರ ಕೆಲಸ ಒಂದೇ ಆಗುವುದಿಲ್ಲ.

ನಿಮಗೆ ಬಂದ ಸಂದೇಶದ ಜೊತೆಗೊಂದು ಚಿತ್ರವೂ ಇದ್ದರೆ ಅದನ್ನು ಚೆನ್ನಾಗಿ ನೋಡಿ. ನನಗೆ ಬಂದದ್ದರಲ್ಲಿ ಕಮಾನಿನ ಮೇಲೆ ಪ್ರತಿ ಪಥಕ್ಕೂ ಒಂದೊಂದು ಕೆಂಪು ವೃತ್ತ, ಅದರೊಳಗೆ 50 ಎಂದಿತ್ತು. "50ನೇ ಹೆದ್ದಾರಿಯಲ್ಲಿ ಇನ್ನು ಮುಂದೆ 50ರ ಮಿತಿ" ಎಂದು ಕೆಳಗೆ ಒಕ್ಕಣೆ. ಚಿತ್ರ ಬ್ರಿಟನ್ನಿನದು! ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರವೇ ಆದ್ದರಿಂದ ಮೊದಲ ನೋಟಕ್ಕೆ ಮೋಸವಾಗುತ್ತದೆ. ಅಲ್ಲಿನ ಲೆಕ್ಕ ಮೈಲಿನಲ್ಲಿ. ಆ 50 ಎಂದರೆ ನಮ್ಮ 80 ಕಿಲೋಮೀಟರ್. ಅಲ್ಲಿನ ಕೆಲವು ಮೋಟಾರು ಮಾರ್ಗಗಳಲ್ಲಿ ಕೆಂಪು ವೃತ್ತದೊಳಗಿನ ಅಂಕಿ ಕಾನೂನಿನ ಮಿತಿಯೇ ಹೌದು, ಅದನ್ನು ಮೀರಿದರೆ ಕಮಾನಿನ ಕ್ಯಾಮೆರಾ ಹಿಡಿಯುವುದೂ ಉಂಟು. ವೃತ್ತವಿಲ್ಲದ ಅಂಕಿ ಬರೀ ಸಲಹೆ. ಯಾವ ಫಲಕ ದಂಡದ್ದು, ಯಾವುದು ಬರೀ ಮಾತಿನದ್ದು ಎಂಬ ಗುಲ್ಲು ಅಲ್ಲಿಯೂ ಕಡಿಮೆಯೇನಿಲ್ಲ. ಅಂಥ ಹೊಸ ರಸ್ತೆಗಳ ಯೋಜನೆಯನ್ನು ಅಲ್ಲಿನ ಸರ್ಕಾರ 2023ರಲ್ಲಿ ಕೈಬಿಟ್ಟಿತು. ಅವರು ಬಿಟ್ಟದ್ದರ ಫೋಟೋ ಕುಷ್ಟಗಿಗೆ ಬಂದು ತಲುಪಿದೆ.

ಈಗ ನಮ್ಮ ಕ್ಯಾಮೆರಾಕ್ಕೆ ಬರೋಣ. ಇಲ್ಲಿ ತುಸು ನಿಧಾನವಾಗಿ ಹೋಗಬೇಕು, ದುಡ್ಡಿನ ಪ್ರಶ್ನೆ ಇರುವುದು ಇಲ್ಲಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 136ಎ ಎಂಬ ಕಲಂ ಸೇರಿತು. ಅದರಂತೆ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ 167ಎ ಎಂಬ ನಿಯಮ ತಂದಿತು. ಅದನ್ನು ಓದಿದವರು ಕಡಿಮೆ, ಓದಿದರೆ ಅರ್ಧ ಗಾಳಿಮಾತು ಅಲ್ಲಿಯೇ ಸಾಯುತ್ತದೆ. ಆ ನಿಯಮದ ಪ್ರಕಾರ ದಂಡಕ್ಕೆ ಬಳಸುವ ಉಪಕರಣಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕ್ಯಾಮೆರಾ ಇರುವ ಭಾಗ ಬರುವುದಕ್ಕೆ ಮೊದಲೇ, ಎದ್ದುಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು. ಅಂದರೆ ಕದ್ದು ಕೂತು ಹಿಡಿಯುವ ಕ್ಯಾಮೆರಾ ಈ ನಿಯಮದ ಕಲ್ಪನೆಯಲ್ಲಿಯೇ ಇಲ್ಲ. ಚಲನ್ ಕಳುಹಿಸುವಾಗ ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೋ, ಉಪಕರಣ ಅಳೆದ ವೇಗ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಂ ಎಲ್ಲವನ್ನೂ ಜೊತೆಗಿಡಬೇಕು. ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು ಎಂದೂ 2021ರ ನಿಯಮ ಹೇಳಿತು.

ಚಲನ್ ಹಾಕುವ ಅಧಿಕಾರ ಪೊಲೀಸರದು ಮತ್ತು ಸಾರಿಗೆ ಇಲಾಖೆಯವರದು. ಟೋಲ್ ಗೇಟಿನಲ್ಲಿ ಕುಳಿತ ಹುಡುಗನಿಗೆ ಆ ಅಧಿಕಾರವಿಲ್ಲ. ಹೆದ್ದಾರಿ ಪ್ರಾಧಿಕಾರದ ನಿಯಂತ್ರಣ ಕೊಠಡಿಯವರು ದೃಶ್ಯವನ್ನು ಪೊಲೀಸರಿಗೆ ಕೊಡಬಹುದು, ತಾವೇ ದಂಡ ಬರೆಯುವಂತಿಲ್ಲ. ಫಾಸ್ಟ್ಯಾಗ್ ಟೋಲ್ ಕಟ್ಟುವುದಕ್ಕೆ ಇರುವ ಖಾತೆ. ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ: ಬೈಕಿಗೆ ಫಾಸ್ಟ್ಯಾಗ್ ಇಲ್ಲ, ರಾಷ್ಟ್ರೀಯ ಹೆದ್ದಾರಿಯಲ್ಲಿ ಟೋಲ್ ಕೂಡ ಇಲ್ಲ. ದಂಡವೆಲ್ಲ ಫಾಸ್ಟ್ಯಾಗ್‌ನಿಂದಲೇ ಕತ್ತರಿಸುವುದಾದರೆ ನಮ್ಮೂರಿನ ಅಷ್ಟೂ ಬೈಕ್ ಸವಾರರಿಗೆ ಬಿಡುಗಡೆಯೇ?

ಎರಡು ಟೋಲ್‌ಗಳ ನಡುವಿನ ಸಮಯದ ಮಾತು ಇಷ್ಟು ಗಟ್ಟಿಯಾಗಿ ನಿಂತಿರುವುದಕ್ಕೆ ಕಾರಣ, ಅದರ ಗಣಿತ ಸರಿಯಾಗಿರುವುದು. 60 ಕಿಲೋಮೀಟರನ್ನು 36 ನಿಮಿಷದಲ್ಲಿ ದಾಟಿದರೆ ಸರಾಸರಿ 100. ನಾಲ್ಕನೇ ತರಗತಿಯ ಲೆಕ್ಕ. ಇಟಲಿಯಲ್ಲಿ, ಬ್ರಿಟನ್ನಿನಲ್ಲಿ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳಿವೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ವ್ಯವಸ್ಥೆಯಲ್ಲಿಯೂ ಸರಾಸರಿ ವೇಗ ಹಿಡಿಯುವ ಭಾಗವಿದೆ. ಆದರೆ ಅವೆಲ್ಲ ಅದಕ್ಕೆಂದೇ ಕೂರಿಸಿದ ಕ್ಯಾಮೆರಾಗಳು, ಎರಡೂ ತುದಿಯಲ್ಲಿ ನಂಬರ್ ಪ್ಲೇಟ್ ಓದುವಂಥವು. ಟೋಲ್ ರಸೀದಿಯ ಸಮಯವನ್ನು ಹಿಡಿದು ಹಾಕುವ ದಂಡ ಬೇರೆ ಮಾತು. ಈ ಗಾಳಿಮಾತಿನಿಂದ ಲಾಭವಾದದ್ದು ಢಾಬಾದವರಿಗೆ: ಬಿರುಸಾಗಿ ಬಂದು, ಟೋಲ್ ಇನ್ನೇನು ಬರುತ್ತದೆ ಎನ್ನುವಾಗ ಇಪ್ಪತ್ತು ನಿಮಿಷ ಚಹಾ ಕುಡಿದು ಸರಾಸರಿ ಇಳಿಸಿಕೊಳ್ಳುವ ಜಾಣರನ್ನು ನಾನೇ ಕಂಡಿದ್ದೇನೆ.

ಹಾಗಾದರೆ 80 ಮತ್ತು 2,000 ಎಂಬ ಅಂಕಿಗಳು ಎಲ್ಲಿಂದ ಬಂದವು? ಪೂರ್ತಿ ಗಾಳಿಯಿಂದಲ್ಲ. 2018ರ ಕೇಂದ್ರ ಅಧಿಸೂಚನೆಯಂತೆ ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿಗೆ ಗರಿಷ್ಠ 100, ಬಸ್ಸಿಗೆ 90, ಸರಕು ಲಾರಿಗೆ ಮತ್ತು ಬೈಕಿಗೆ 80. ಇದು ಮೇಲಿನ ಗೆರೆ. ಊರು, ತಿರುವು, ಶಾಲೆ ಇರುವಲ್ಲಿ ಮಿತಿಯನ್ನು ಇದಕ್ಕಿಂತ ಇಳಿಸಬಹುದು, ಇಳಿಸಿದಾಗ ಫಲಕ ಹಾಕಬೇಕು. ಅತಿವೇಗಕ್ಕೆ ಕಾಯ್ದೆಯ 183ನೇ ಕಲಂ ಹೇಳುವ ದಂಡ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಯಾರೋ ಲಾರಿಯ ಮಿತಿಯನ್ನು ತೆಗೆದು ಕಾರಿಗೆ ಅಂಟಿಸಿದ್ದಾರೆ, ಕಾರಿನ ಗರಿಷ್ಠ ದಂಡವನ್ನು ತೆಗೆದು ಎಲ್ಲರಿಗೂ ಹಂಚಿದ್ದಾರೆ. ಅಂದಹಾಗೆ, ಲಾರಿಗೆ ಈ ಕ್ಯಾಮೆರಾದ ಚಿಂತೆಯೇ ಬರಬಾರದು; ಸರಕು ವಾಹನಗಳಿಗೆ 80ಕ್ಕೆ, ಅದಿರು ಹೊರುವ ಟಿಪ್ಪರಿನಂಥವಕ್ಕೆ 60ಕ್ಕೆ ವೇಗ ನಿಯಂತ್ರಕ ಇರಬೇಕು ಎಂದು ನಿಯಮ 118 ಹೇಳುತ್ತದೆ. ಸಂಡೂರಿನ ಕಡೆಯಿಂದ ಬರುವ ಟಿಪ್ಪರುಗಳನ್ನು ನೋಡಿದವರಿಗೆ ಆ ನಿಯಂತ್ರಕದ ತಂತಿ ಎಲ್ಲಿ ಕಳಚಿ ಬಿದ್ದಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ಅಂಕಿ 130. ಇದು ನಿಜ. ರಾಜ್ಯದಲ್ಲಿ 130 ಕಿಲೋಮೀಟರ್ ವೇಗ ಮೀರಿ ಓಡಿಸಿದವರ ಮೇಲೆ ದಂಡದ ಚೀಟಿ ಮಾತ್ರವಲ್ಲದೆ ಎಫ್‌ಐಆರ್ ಕೂಡ ದಾಖಲಿಸುತ್ತೇವೆ ಎಂದು ಪೊಲೀಸರು 2024ರ ಆಗಸ್ಟ್ 1ರಿಂದ ಜಾರಿಗೆ ತಂದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದನ್ನು ಫಾರ್ವರ್ಡ್ ಮಾಡಿದವರು ನನಗಂತೂ ಯಾರೂ ಸಿಕ್ಕಿಲ್ಲ.

ಮುಂದೆ ಕ್ಯಾಮೆರಾಗಳು ಹೆಚ್ಚುತ್ತವೆಯೇ ಎಂದರೆ, ಹೌದು. ಹೆದ್ದಾರಿ ಪ್ರಾಧಿಕಾರದ 2023ರ ನೀತಿಯಲ್ಲಿ ಪ್ರತಿ ಕಿಲೋಮೀಟರಿಗೆ ಒಂದು ಸಂಚಾರ ವೀಕ್ಷಣೆಯ ಕ್ಯಾಮೆರಾ, ಪ್ರತಿ 10 ಕಿಲೋಮೀಟರಿಗೆ ಘಟನೆಗಳನ್ನು ತಾನೇ ಗುರುತಿಸುವ ಕ್ಯಾಮೆರಾ ಎಂದಿದೆ. ಇಂಥ ಕ್ಯಾಮೆರಾ 14 ಬಗೆಯ ಘಟನೆಗಳನ್ನು ಹಿಡಿಯಬೇಕು: ಮೂವರ ಸವಾರಿ, ಹೆಲ್ಮೆಟ್ ಇಲ್ಲದಿರುವುದು, ವಿರುದ್ಧ ದಿಕ್ಕಿನ ಓಡಾಟ, ರಸ್ತೆಗೆ ನುಗ್ಗಿದ ಜಾನುವಾರು ಇತ್ಯಾದಿ. ನಮ್ಮ ಕಡೆ ಅದನ್ನು ಒಂದು ಬೆಳಗ್ಗೆ ಚಾಲೂ ಮಾಡಿದರೆ ಉಪಾಹಾರದ ಹೊತ್ತಿಗೆ ಹದಿನಾಲ್ಕೂ ಮುಗಿದಿರುತ್ತವೆ. ಯು ತಿರುವಿಗೆ ಒಂದು ಕಿಲೋಮೀಟರ್ ಹೋಗುವುದು ಯಾರಿಗೆ ಬೇಕೆಂದು ಎದುರು ದಿಕ್ಕಿನಲ್ಲಿಯೇ ಬರುವ ಬೈಕು, ಹಿಂದೀಪವಿಲ್ಲದ ಭತ್ತದ ಟ್ರ್ಯಾಕ್ಟರು, ಕುರಿಹಿಂಡು, ಸರ್ವಿಸ್ ರಸ್ತೆಯ ತುಂಬ ಹರಡಿದ ಸಜ್ಜೆ. ಈ ರಸ್ತೆಯಲ್ಲಿ ಕತ್ತಲಾದ ಮೇಲೆ ನನಗೆ ಹೆದರಿಕೆ ಹುಟ್ಟಿಸುವುದು ಕ್ಯಾಮೆರಾ ಅಲ್ಲವೇ ಅಲ್ಲ, ಆ ದೀಪವಿಲ್ಲದ ಟ್ರ್ಯಾಕ್ಟರು.

ಕ್ಯಾಮೆರಾ ತಪ್ಪಿಸುವ ಉಪಾಯಗಳ ಬಗ್ಗೆಯೂ ಕೆಲವರು ಕೇಳಿದ್ದೀರಿ. ಕನ್ನಡಿಗೆ ನಿಂಬೆಹಣ್ಣು ಮೆಣಸಿನಕಾಯಿಯ ಪಕ್ಕ ಸಿ.ಡಿ. ತೂಗುಹಾಕಿದರೆ ರಾಡಾರ್ ಕೆಡುವುದಿಲ್ಲ. ಅಲೆ ಮರಳುವುದು ವಾಹನದ ಇಡೀ ಮೈಯಿಂದ. ಎರಡರಲ್ಲಿ ನಿಂಬೆಹಣ್ಣೇ ವಾಸಿ, ಕೊನೆಗೆ ಪಾನಕಕ್ಕಾದರೂ ಆದೀತು. ನಂಬರ್ ಪ್ಲೇಟಿಗೆ ಗ್ರೀಸ್ ಬಳಿಯುವುದು ತಾನೇ ಒಂದು ಅಪರಾಧ.

ಈ ಗದ್ದಲದಲ್ಲಿ ನಿಜಕ್ಕೂ ದುಡ್ಡು ಕಳೆದುಕೊಳ್ಳುತ್ತಿರುವವರು ಬೇರೆಯವರಿದ್ದಾರೆ. "ನಿಮ್ಮ ವಾಹನದ ಮೇಲೆ ಚಲನ್ ಇದೆ" ಎಂದು ವಾಟ್ಸ್‌ಆ್ಯಪ್‌ಗೆ ಸಂದೇಶ ಬರುತ್ತದೆ, ಜೊತೆಗೆ ಎಪಿಕೆ ಎಂದು ಕೊನೆಯಾಗುವ ಫೈಲ್. ಅದನ್ನು ತೆರೆದು ಮೊಬೈಲಿಗೆ ಹಾಕಿಕೊಂಡರೆ ನಿಮ್ಮ ಎಸ್ಸೆಮ್ಮೆಸ್, ಒಟಿಪಿಗಳು ವಂಚಕರ ಕೈಗೆ ಹೋಗುತ್ತವೆ, ಖಾತೆ ಬರಿದಾಗುತ್ತದೆ. ನಿಜವಾದ ಚಲನ್ ನೋಡಲು ಯಾವ ಫೈಲನ್ನೂ ಹಾಕಿಕೊಳ್ಳಬೇಕಾಗಿಲ್ಲ. ಸಾರಿಗೆ ಇಲಾಖೆಯ ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆಯಿರಿ. ವಿಳಾಸ 'ಜಿಒವಿ ಡಾಟ್ ಇನ್' ಎಂದು ಕೊನೆಯಾಗುತ್ತದೆಯೇ ನೋಡಿ. ವಾಹನದ ಸಂಖ್ಯೆ ಹಾಕಿದರೆ ಇದ್ದದ್ದು ಕಾಣುತ್ತದೆ. ಈಗಾಗಲೇ ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈ ಉತ್ತರ ಬರೆಯುವ ಮೊದಲು ನನ್ನ ಬೈಕಿನ ಸಂಖ್ಯೆಯನ್ನೂ ಹಾಕಿ ನೋಡಿದೆ. ಹೆದ್ದಾರಿಯ ಲೆಕ್ಕದಲ್ಲಿ ಏನೂ ಇರಲಿಲ್ಲ. ಹುಬ್ಬಳ್ಳಿಯ ಒಂದು ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ಎಂದಿತ್ತು. ನಾನು ಬೈಕಿನಲ್ಲಿ ಹುಬ್ಬಳ್ಳಿಗೆ ಹೋದವನೇ ಅಲ್ಲ; ಸಿಟ್ಟಿನಿಂದಲೇ ಫೋಟೋ ತೆರೆದೆ. ಬೈಕು ನನ್ನದೇ, ಮೇಲಿದ್ದ ಚೌಕುಳಿ ಅಂಗಿಯೂ ನನ್ನದೇ. ಅಂಗಿಯೊಳಗಿದ್ದವನು ನನ್ನ ಹೆಂಡತಿಯ ತಮ್ಮ. ಹೆಲ್ಮೆಟ್ ಬೈಕಿನ ಕನ್ನಡಿಗೆ ತೂಗುತ್ತಿತ್ತು.