ಸ್ಪೆಷಲ್ ಕ್ಯಾರೆಕ್ಟರ್ ಎಲ್ಲಾ ತೆಗಿ ಅಂದ್ರೆ ಯಾವುದನ್ನ ತೆಗೀಲಿ ಸ್ವಾಮಿ?

ಫೈಲ್ ಕಳಿಸ್ತಾರೆ, ಅದರ ಕೆಳಗೆ ಒಂದೇ ಲೈನು: "ಅಣ್ಣ, ಇದ್ರಲ್ಲಿರೋ ಸ್ಪೇಸು, ಸ್ಪೆಷಲ್ ಕ್ಯಾರೆಕ್ಟರ್ ಎಲ್ಲಾ ತೆಗೆದು ಕ್ಲೀನ್ ಮಾಡಿಕೊಡಿ, ಅರ್ಜೆಂಟು." ಕೋಲಾರದಲ್ಲಿ ಕೂತು ಡೇಟಾ ಕೆಲಸ ಮಾಡೋ ನಂಗೆ ಬರೋದು ಹೆಚ್ಚಾಗಿ ಇಂಥವೇ. ಟೊಮೆಟೊ ಮಂಡಿ ಲೆಕ್ಕ, ಹಾಲಿನ ಡೇರಿ ಸದಸ್ಯರ ಪಟ್ಟಿ, ಶಿಡ್ಲಘಟ್ಟದ ಕಡೆಯಿಂದ ರೇಷ್ಮೆಗೂಡು ತಂದವರ ಹೆಸರು, ಹಿಂಗೆ. ಕೆಲಸ ದೊಡ್ಡದಲ್ಲ, ಆದ್ರೆ ನನ್ನ ಹತ್ರ ಬರೋಕೆ ಮುಂಚೆ ಎಲ್ಲರೂ ತಾವೇ ಒಂದು ಕೈ ನೋಡಿರ್ತಾರೆ, ನೆಟ್ಟಲ್ಲಿ ಸಿಕ್ಕಿದ ಕಮಾಂಡ್ ತಂದು ಅಂಟಿಸಿ, ಎಂಟರ್ ಹೊಡೆದು, ಕೆಟ್ಟ ಮೇಲೆ ಕಳಿಸ್ತಾರೆ. ಅದಕ್ಕೇ ಇಲ್ಲಿ ಕಮಾಂಡ್‌ಗಳನ್ನ ಬೇಕಂತಲೇ ಬಾಯಲ್ಲಿ ಹೇಳೋ ಹಾಗೆ ಬರೀತಿದೀನಿ, ಕಾಪಿ ಪೇಸ್ಟ್‌ಗೆ ಸಿಗಬಾರದು.

ನೆಟ್ಟಲ್ಲಿ ಸಿಗೋ ಉತ್ತರಗಳಲ್ಲಿ ಒಂದು ತುಂಬಾ ಹಳೇದು. ಟಿಆರ್‌ಗೆ (ಫೈಲಲ್ಲಿರೋ ಅಕ್ಷರ ಅಳಿಸೋ, ಬದಲಾಯಿಸೋ ಕಮಾಂಡು) ಮೈನಸ್ ಸಿಡಿ ಕೊಟ್ಟು, ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮಾತ್ರ ಉಳಿಸು, ಮಿಕ್ಕಿದ್ದೆಲ್ಲಾ ಅಳಿಸು ಅನ್ನೋದು. ಬರೆದವರು ಇಂಗ್ಲಿಷ್ ಫೈಲಿಗೆ ಬರೆದದ್ದು, ಅವರ ತಪ್ಪೇನಿಲ್ಲ. ಅದನ್ನ ತಂದು ಕನ್ನಡ ಪಟ್ಟಿ ಮೇಲೆ ಓಡಿಸಿದ್ರೆ ಕನ್ನಡ ಪೂರ್ತಿ ಹೋಗಿ ಕಾಮಾ ಮತ್ತೆ ಮೊಬೈಲ್ ನಂಬರ್ ಉಳಿಯುತ್ತೆ. ಆ ಕಮಾಂಡಿನ ಲೆಕ್ಕದಲ್ಲಿ ಕನ್ನಡವೇ ಸ್ಪೆಷಲ್ ಕ್ಯಾರೆಕ್ಟರು! ಇದಾದ್ರೂ ವಾಸಿ, ಕೆಟ್ಟಿದ್ದು ತಕ್ಷಣ ಗೊತ್ತಾಗುತ್ತೆ. ಗೊತ್ತಾಗದ ಹಾಗೆ ಕೆಡೋದಿದೆಯಲ್ಲ, ಅದು ಕಷ್ಟ.

ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯೋ ಹುಡುಗ ಇದಾನೆ, ಚುರುಕು, ಲಿನಕ್ಸ್ ತಾನೇ ಕಲಿತಿದಾನೆ, ನಂಗೆ ಅವನನ್ನ ಕಂಡ್ರೆ ಇಷ್ಟ. ಅವನ ಪಟ್ಟಿ ವರ್ಡ್‌ನಿಂದ ಬಂದದ್ದು, ಹಾಗಾಗಿ ಹೆಸರುಗಳ ಸುತ್ತ ಡೊಂಕು ಕೋಟ್ ಇತ್ತು, “ ಇದು ಮತ್ತೆ ” ಇದು. ಟಿಆರ್ ಮೈನಸ್ ಡಿ ಹಾಕಿ ಎರಡನ್ನೂ ಅಳಿಸಿದ. ಫೈಲ್ ತೆಗೆದು ನೋಡಿದ್ರೆ ಮುನಿವೆಂಕಟಪ್ಪ ನೆಟ್ಟಗಿದಾರೆ, ಮುನಿಯಪ್ಪ, ಚೌಡಪ್ಪ ಎಲ್ಲಾ ಸರಿ, ಮಾವು ಸೀಸನ್ನು ಬೇರೆ, ಸರಿಹೋಯ್ತು ಅಂತ ಪ್ರಿಂಟ್‌ಗೆ ಕೊಟ್ಟ. ಆಮೇಲೆ ಜಯಮ್ಮ, ರಾಜಣ್ಣ, ಲಕ್ಷ್ಮೀದೇವಮ್ಮ ಇವರ ಹೆಸರಲ್ಲೆಲ್ಲಾ ಕಪ್ಪು ಡೈಮಂಡ್ ಒಳಗೆ ಪ್ರಶ್ನೆ ಚಿಹ್ನೆ. "ಫಾಂಟ್ ಪ್ರಾಬ್ಲಮ್ ಅಣ್ಣ" ಅಂತ ಇರೋ ಬರೋ ಕನ್ನಡ ಫಾಂಟ್ ಎಲ್ಲಾ ಇನ್‌ಸ್ಟಾಲ್ ಮಾಡ್ಕೊಂಡು ಕೂತಿದ್ದ. ಸದ್ಯ, ಒರಿಜಿನಲ್ಲು ಅವರ ವಾಟ್ಸಾಪ್ ಗ್ರೂಪಲ್ಲಿ ಉಳಿದಿತ್ತು.

ಫಾಂಟ್ ಅಲ್ಲಪ್ಪ ಅದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಎಷ್ಟು ಜನಕ್ಕೆ ಹೇಳಿದ್ರೂ ಹೂಂ ಹೂಂ ಅಂತಾರೆ, ಆಮೇಲೆ ಅದನ್ನೇ ಮಾಡ್ತಾರೆ. ಕಂಪ್ಯೂಟರ್ ಅಕ್ಷರಗಳನ್ನ ಬೈಟು ಅನ್ನೋ ಸಣ್ಣ ಸಂಖ್ಯೆಗಳಾಗಿ ಇಟ್ಕೊಳ್ಳುತ್ತೆ. ಹಾಗೆ ಇಡೋಕೆ ಈಗ ನಾವು ಬಳಸೋ ಪದ್ಧತಿ ಯುಟಿಎಫ್-8, 1992ರಲ್ಲಿ ಕೆನ್ ಥಾಂಪ್ಸನ್ ಮತ್ತೆ ರಾಬ್ ಪೈಕ್ ಮಾಡಿದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟು. ಒಂದೊಂದು ಬೈಟನ್ನೂ ಎರಡೆರಡು ಗುರುತಲ್ಲಿ ಬರೀತಾರೆ: ಜ ಅಂದ್ರೆ ಇ0 ಬಿ2 9ಸಿ. ದೀರ್ಘ ಗುಡಿಸು, ಅಂದ್ರೆ ಲಕ್ಷ್ಮೀ ಅನ್ನೋದರ ಈ ಭಾಗ, ಇ0 ಬಿ3 80. ಈಗ ಆ ಡೊಂಕು ಕೋಟ್ ನೋಡಿ: ತೆರೆಯೋದು ಇ2 80 9ಸಿ, ಮುಚ್ಚೋದು ಇ2 80 9ಡಿ. ಲಿನಕ್ಸ್‌ನಲ್ಲಿರೋ ಗ್ನೂ ಟಿಆರ್‌ಗೆ ಅಕ್ಷರ ಅನ್ನೋದೇ ಗೊತ್ತಿಲ್ಲ, ಬೈಟ್ ಮಾತ್ರ ಗೊತ್ತು. ನೀವು ಕೋಟ್ ಅಳಿಸು ಅಂದ್ರಿ, ಅದು ಇ2 ಎಲ್ಲಿದ್ರೂ, 80 ಎಲ್ಲಿದ್ರೂ, 9ಸಿ 9ಡಿ ಎಲ್ಲಿದ್ರೂ ಬಿಡಿಬಿಡಿಯಾಗಿ ಅಳಿಸ್ತು. ಜ ಕಾರದ ಬಾಲ ಹೋಯ್ತು, ದೀರ್ಘದ ಬಾಲ ಹೋಯ್ತು. ಉಳಿದ ತುಂಡು ಯಾವ ಅಕ್ಷರವೂ ಅಲ್ಲ, ಅದಕ್ಕೇ ಆ ಕಪ್ಪು ಡೈಮಂಡು. ಮುನಿವೆಂಕಟಪ್ಪನಲ್ಲಿ ಆ ಬೈಟುಗಳು ಇರಲಿಲ್ಲ, ಬಚಾವಾದ. ಟೊಮೆಟೊ ಮಂಡಿಯಲ್ಲಿ ಎಂ.ವಿ. ಅಂತ ಬರೆದಿರೋ ಬಾಕ್ಸ್ ತೆಗೆದಿಡಪ್ಪ ಅಂದ್ರೆ ಎಂ ಇರೋದನ್ನೂ ವಿ ಇರೋದನ್ನೂ ಎಲ್ಲಾ ಎತ್ತಿ ಆಚೆ ಹಾಕಿದ ಹಾಗೆ.

ಖಾಲಿ ಜಾಗದ ಕಥೇನೂ ಇದೇ. ವೆಬ್‌ಸೈಟಿಂದ ಕಾಪಿ ಮಾಡಿದ್ರಲ್ಲಿ ನೋ-ಬ್ರೇಕ್ ಸ್ಪೇಸ್ (ಅಲ್ಲಿ ಸಾಲು ಮುರೀಬಾರದು ಅನ್ನೋ ಸ್ಪೇಸ್) ಬಂದಿರುತ್ತೆ, ಕಣ್ಣಿಗೆ ಮಾಮೂಲಿ ಸ್ಪೇಸ್ ಥರಾನೇ, ಒಳಗೆ ಸಿ2 ಎ0. ಅದನ್ನ ಟಿಆರ್‌ನಲ್ಲಿ ಸ್ಪೇಸ್‌ಗೆ ಬದಲಾಯಿಸಿದ್ರೆ ಒಂದು ಸ್ಪೇಸ್ ಎರಡಾಗುತ್ತೆ, ಅದರ ಜೊತೆಗೆ ನೀಲಕಂಠಪ್ಪನ ಠ ಹೋಗುತ್ತೆ, ಯಾಕಂದ್ರೆ ಠ ಅಂದ್ರೆ ಇ0 ಬಿ2 ಎ0. ಠ ಇರೋ ಹೆಸರು ಪಟ್ಟಿಯಲ್ಲಿ ಎಲ್ಲೋ ಒಂದೆರಡು ಇರುತ್ತೆ, ಯಾರೂ ಗಮನಿಸಲ್ಲ, ಆ ರೈತನೇ ಬಂದು ನನ್ನ ದುಡ್ಡೆಲ್ಲಿ ಅಂತ ಕೇಳೋವರೆಗೂ.

ಹಂಗಂತ ಟಿಆರ್ ಕೆಟ್ಟದ್ದು ಅಂತಲ್ಲ. ವಿಂಡೋಸ್ ಫೈಲಲ್ಲಿ ಸಾಲಿನ ಕೊನೆಗೆ ಇರೋ ಕ್ಯಾರೇಜ್ ರಿಟರ್ನ್ ತೆಗೆಯೋಕೆ, ಟ್ಯಾಬ್‌ನ ಕಾಮಾ ಮಾಡೋಕೆ, ಸಾಲುಸಾಲು ಸ್ಪೇಸ್‌ನ ಒಂದಕ್ಕೆ ಇಳಿಸೋಕೆ ಅದರಷ್ಟು ಚುರುಕು ಇನ್ನೊಂದಿಲ್ಲ, ಅವೆಲ್ಲಾ ಒಂದೇ ಬೈಟಿನವು. ಒಂದಕ್ಕಿಂತ ಹೆಚ್ಚು ಬೈಟ್ ಇರೋದನ್ನ ಅದಕ್ಕೆ ಕೊಡಬೇಡಿ, ಅಷ್ಟೇ. ಅಂಥದ್ದಕ್ಕೆ ಸೆಡ್ ಬಳಸಿ, ಅದು ಹುಡುಕಿ ಬದಲಾಯಿಸೋ ಇನ್ನೊಂದು ಕಮಾಂಡು. ಸೆಡ್‌ನಲ್ಲಿ ಒಂದೊಂದು ಚಿಹ್ನೆಗೂ ಬೇರೆ ಬೇರೆ ಎಸ್ ಕಮಾಂಡ್ (ಇದನ್ನ ತೆಗೆದು ಅದನ್ನ ಹಾಕು ಅನ್ನೋದು) ಬರೆದ್ರೆ ಸಿ2 ಆದ ಮೇಲೆ ಎ0 ಅದೇ ಸಾಲಾಗಿ ಬಂದ್ರೆ ಮಾತ್ರ ಹಿಡಿಯುತ್ತೆ, ಠ ತಂಟೆಗೆ ಹೋಗಲ್ಲ. ಚೌಕ ಬ್ರ್ಯಾಕೆಟ್ ಒಳಗೆ (ಇವುಗಳಲ್ಲಿ ಯಾವುದಾದ್ರೂ ಅಂತ) ಎಲ್ಲಾ ತುಂಬಬೇಡಿ, ಲೊಕೇಲ್ (ಭಾಷೆ, ಅಕ್ಷರದ ಸೆಟ್ಟಿಂಗ್) ಸರಿ ಇಲ್ಲದ ಸರ್ವರ್‌ನಲ್ಲಿ ಅದೂ ಟಿಆರ್ ಥರಾನೇ ಬಿಡಿ ಬೈಟ್ ನೋಡುತ್ತೆ. ಬ್ಯಾಕ್‌ಸ್ಲ್ಯಾಶ್ ಎಸ್ ಹಾಕಿದ್ರೆ ಎಲ್ಲಾ ಸ್ಪೇಸೂ ಬರುತ್ತೆ ಅನ್ನೋ ನಂಬಿಕೇನೂ ಬಿಡಿ, ಸಾಮಾನ್ಯ ಲಿನಕ್ಸ್‌ನಲ್ಲಿ ನೋ-ಬ್ರೇಕ್ ಸ್ಪೇಸ್ ಅದಕ್ಕೆ ಸೇರಲ್ಲ. ಮ್ಯಾಕ್ ಇರೋರು ನಂಗೆ ಟಿಆರ್ ಸರಿಯಾಗೇ ಓಡ್ತು ಅಂತ ಜಗಳಕ್ಕೆ ಬರ್ತಾರೆ, ಓಡಿರುತ್ತೆ, ಅಲ್ಲಿನ ಟಿಆರ್ ಬೇರೆ. ಅದನ್ನೇ ತಂದು ಸರ್ವರ್ ಮೇಲೆ ಹಾಕ್ಬೇಡಿ.

ಯಾವ ಚಿಹ್ನೆ ಇದೆ ಅಂತ ನೋಡೋದಕ್ಕೆ ಕ್ಯಾಟ್ ಮೈನಸ್ ದೊಡ್ಡ ಎ ಅಂತ ಎಲ್ಲರೂ ಹೇಳ್ತಾರೆ, ಕನ್ನಡ ಫೈಲಿಗೆ ಅದು ದಂಡ, ಪರದೆ ತುಂಬಾ ಬರೀ ಎಂ ಮೈನಸ್ ಎಂ ಮೈನಸ್ ಬರುತ್ತೆ. ತೊಂದರೆ ಇರೋ ಒಂದೇ ಸಾಲು ಗ್ರೆಪ್‌ನಲ್ಲಿ ಹಿಡಿದು ಹೆಕ್ಸ್‌ಡಂಪ್ ಮೈನಸ್ ದೊಡ್ಡ ಸಿಗೆ ಕೊಡಿ, ಮೊದಲನೇದು ಸಾಲು ಹುಡುಕಿ ಕೊಡುತ್ತೆ, ಎರಡನೇದು ಅದರ ಬೈಟುಗಳನ್ನ ತೋರಿಸುತ್ತೆ. ಇ0 ಬಿ2, ಇ0 ಬಿ3 ಅಂತ ಶುರುವಾಗೋದೆಲ್ಲಾ ಕನ್ನಡ, ಅದನ್ನ ಮುಟ್ಟಬೇಡಿ. ಮಿಕ್ಕಿದ್ದರಲ್ಲಿ ಯಾವುದು ಹೋಗಬೇಕು ಅಂತ ಒಂದೊಂದಾಗಿ ನೀವೇ ತೀರ್ಮಾನ ಮಾಡಬೇಕು, ನಾನು ದೂರದಿಂದ ಹೇಳೋಕಾಗಲ್ಲ.

ಅದರಲ್ಲೂ ಇ2 80 8ಬಿ ಮತ್ತೆ ಇ2 80 8ಸಿ ಪಕ್ಕಪಕ್ಕದಲ್ಲಿವೆ, ಎರಡೂ ಕಣ್ಣಿಗೆ ಕಾಣಲ್ಲ. ಮೊದಲನೇದು ಜೀರೋ ವಿಡ್ತ್ ಸ್ಪೇಸ್, ಹೆಚ್ಚುಕಮ್ಮಿ ಯಾವಾಗಲೂ ಕಸ. ಎರಡನೇದು ನಾನ್-ಜಾಯ್ನರ್, ಮುಂದಿನ ಅಕ್ಷರ ಒತ್ತಾಗದ ಹಾಗೆ ತಡೆಯೋದು, ಕನ್ನಡಕ್ಕೆ ಬೇಕೇಬೇಕು. ಕೆಜಿಎಫ್ ವಿಳಾಸಗಳಲ್ಲಿ ರಾಬರ್ಟ್‌ಸನ್‌ಪೇಟೆ ಅಂತ ಇರೋದು ಅದನ್ನ ತೆಗೆದ್ರೆ ರಾಬರ್ಟ್ಸನ್ಪೇಟೆ ಆಗುತ್ತೆ, ಓದೋ ಪೋಸ್ಟ್‌ಮ್ಯಾನ್‌ಗೆ ದೇವರೇ ಗತಿ. ಒಬ್ಬರು ಹಾಕಿ ಇನ್ನೊಬ್ಬರು ಹಾಕದೆ ಟೈಪ್ ಮಾಡಿದ್ರೆ ಹೆಸರು ಮ್ಯಾಚ್ ಆಗಲ್ಲ ಅನ್ನೋದು ನಿಜ, ಹೋಲಿಸೋದಕ್ಕೆ ಬೇಕಿದ್ರೆ ಅದು ಇಲ್ಲದ ಇನ್ನೊಂದು ಕಾಲಮ್ ಮಾಡ್ಕೊಳ್ಳಿ, ಪ್ರಿಂಟ್ ಆಗೋ ಕಾಲಮ್ ಹಾಗೇ ಇರಲಿ.

ಪೈಥಾನ್ (ಪ್ರೋಗ್ರಾಂ ಬರೆಯೋ ಭಾಷೆ) ಗೊತ್ತಿರೋರು ಅಕ್ಷರ ಅಲ್ಲದ್ದನ್ನೆಲ್ಲಾ ತೆಗಿ ಅಂತ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (ಅಕ್ಷರ ಅನ್ನೋದಕ್ಕೆ ಗುರುತು) ನಂಬ್ತಾರೆ. ಪೈಥಾನಲ್ಲಿ ನಮೂನೆ ಕೊಟ್ಟು ಹುಡುಕೋ ಮಾಮೂಲಿ ರೆಜೆಕ್ಸ್‌ಗೆ ಗುಣಿತ ಚಿಹ್ನೆಗಳು ಅಕ್ಷರ ಅಲ್ಲ. ಕೋಲಾರ ಹೋಗಿ ಕಲರ, ಚಿಕ್ಕಬಳ್ಳಾಪುರ ಹೋಗಿ ಚಕಕಬಳಳಪರ. ಪರ್ಲ್ ಅನ್ನೋ ಇನ್ನೊಂದು ಭಾಷೆ ಇದರಲ್ಲಿ ವಾಸಿ, ಯೂನಿಕೋಡ್ (ಎಲ್ಲಾ ಭಾಷೆ ಅಕ್ಷರಗಳ ಪಟ್ಟಿ) ಆಯ್ಕೆ ಕೊಟ್ಟು ಓಡಿಸಿದ್ರೆ ಗುಣಿತ ಉಳಿಸುತ್ತೆ.

ಫೈಲಿನ ಮೊದಲಲ್ಲಿ ಇಎಫ್ ಬಿಬಿ ಬಿಎಫ್ ಇದ್ರೆ ಅದು ಬಿಓಎಂ, ಇದು ಯುಟಿಎಫ್-8 ಫೈಲು ಅಂತ ಹೇಳೋ ಗುರುತು, ಹೆಚ್ಚಾಗಿ ಎಕ್ಸೆಲ್ ಹಾಕಿದ್ದು. ಪ್ರೋಗ್ರಾಂಗೆ ಕೊಡೋ ಕಾಪಿಯಿಂದ ತೆಗೀರಿ, ವಾಪಸ್ ಎಕ್ಸೆಲ್‌ನಲ್ಲಿ ತೆರೆಯೋ ಕಾಪಿಯಲ್ಲಿ ಹಾಗೇ ಬಿಡಿ, ಇಲ್ಲಾಂದ್ರೆ ಡಬಲ್ ಕ್ಲಿಕ್ ಮಾಡಿದ ಕೂಡಲೇ ಕನ್ನಡ ಎಲ್ಲಾ ಕಲಸುಮೇಲೋಗರ. ಎರಡು ಕಾಪಿ ಯಾಕೆ ಅಂತ ಕೇಳಬೇಡಿ. ಇನ್‌ಪುಟ್ ಔಟ್‌ಪುಟ್ ಎರಡಕ್ಕೂ ಒಂದೇ ಹೆಸರು ಕೊಡಲೂಬೇಡಿ, ಕಮಾಂಡ್ ಓದೋಕೆ ಮುಂಚೆಯೇ ಶೆಲ್ (ಕಮಾಂಡ್ ಓಡಿಸೋ ಪ್ರೋಗ್ರಾಂ) ಆ ಫೈಲ್ ಖಾಲಿ ಮಾಡಿರುತ್ತೆ.

ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಪ್ರೋಗ್ರಾಂಗಳ ಹಳೇ ಫೈಲುಗಳು ಇನ್ನೂ ಬರ್ತಾನೇ ಇವೆ, ಅವುಗಳ ಆನ್ಸಿ ಫಾಂಟಿನವು, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಅವಕ್ಕೆ ಮೇಲೆ ಹೇಳಿದ ಯಾವುದೂ ಅನ್ವಯಿಸಲ್ಲ, ಅಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಚುಕ್ಕೆ ಇರೋ ಅಕ್ಷರ ಅಂತ ಕಾಣೋದೇ ಕನ್ನಡ. ಮೊದಲು ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿಸಿ, ಹತ್ತಿಪ್ಪತ್ತು ಹೆಸರು ಕಣ್ಣಾರೆ ಓದಿ ನೋಡಿ, ಆಮೇಲೆ ಕಳಿಸಿ.