ಬರೀ ಒಂದು ಚಿತ್ರ ನೋಡೋಕೆ ಟಿಕೆಟ್ಟಾ?

ಪ್ರಶ್ನೆ: ಸಿನಿಮಾ ಇಲ್ಲದ ಕಾಲದಲ್ಲಿ ಯುರೋಪಿನ ಜನ ಪನೋರಮಾ ಚಿತ್ರ ನೋಡಲು ದುಡ್ಡು ಕೊಟ್ಟು ಹೋಗುತ್ತಿದ್ದರಂತೆ. ಅದರಲ್ಲಿ ಅಂಥದ್ದೇನಿತ್ತು?

ಉತ್ತರ: ಅಂಚು ಇರಲಿಲ್ಲ! ಅಂದರೆ, ಇದ್ದರೂ ಕಾಣುತ್ತಿರಲಿಲ್ಲ.

ಮನೆಯ ಗೋಡೆಯ ಮೇಲಿನ ಚಿತ್ರಕ್ಕೆ ಚೌಕಟ್ಟು ಇರುತ್ತದೆ. ಪಕ್ಕದಲ್ಲೇ ಕಿಟಕಿ, ಕ್ಯಾಲೆಂಡರ್. ಹಾಗಾಗಿ ಕಣ್ಣು ಮೋಸ ಹೋಗುವುದಿಲ್ಲ. ಎಡಿನ್‌ಬರೋದಲ್ಲಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್ ನೋಡುವವರ ಸುತ್ತಲೂ ದುಂಡಗೆ ಚಿತ್ರ ಬರೆದು ಈ ಚೌಕಟ್ಟನ್ನೇ ತೆಗೆದುಹಾಕಿದ. ಅದೇ ಪನೋರಮಾ. 1787ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಬಳಿ ಇದಕ್ಕಾಗಿಯೇ ಒಂದು ದುಂಡು ಕಟ್ಟಡ ತೆರೆದ.

ಒಳಗೆ ಹೋಗುವುದೇ ಒಂದು ಆಟ. ಮೊದಲು ಕತ್ತಲ ದಾರಿ, ಆಮೇಲೆ ಮೆಟ್ಟಿಲು. ಬೀದಿಯ ನೆನಪು ಅಲ್ಲೇ ಅಳಿಸಿಹೋಗುತ್ತದೆ. ಮೇಲೆ ಬಂದರೆ ನೀವು ನಡುವಿನ ಅಟ್ಟದ ಮೇಲಿದ್ದೀರಿ, ಸುತ್ತಲೂ ಇಡೀ ಊರು! ಬೆಳಕು ಸೂರಿನ ಗಾಜಿನಿಂದ ನೇರ ಚಿತ್ರದ ಮೇಲೆ ಬೀಳುತ್ತದೆ. ಆದರೆ ತಲೆಯ ಮೇಲೆ ಚಪ್ಪರದಂಥ ಮರೆ ಇರುವುದರಿಂದ ಆ ಗಾಜೂ ಕಾಣದು, ಚಿತ್ರದ ಮೇಲಂಚೂ ಕಾಣದು. ಹತ್ತಿರ ಹೋಗಿ ಮುಟ್ಟದಂತೆ ಕಟಕಟೆ ಬೇರೆ. ಬರೆಯುವವರ ಪಾಡು ಮಾತ್ರ ಕಷ್ಟದ್ದು. ಬಾಗಿದ ಬಟ್ಟೆಯ ಮೇಲೆ ನೇರ ಗೆರೆ ಎಳೆದರೆ ಅದು ಸೊಟ್ಟಗೆ ಕಾಣುತ್ತದೆ. ನೇರ ಕಾಣಬೇಕಾದರೆ ಸೊಟ್ಟಗೇ ಎಳೆಯಬೇಕು.

ನಮ್ಮ ಶ್ರೀರಂಗಪಟ್ಟಣವೂ ಹೀಗೆ ಲಂಡನ್ನಿಗೆ ಹೋಗಿತ್ತು. ಟಿಪ್ಪು ಸತ್ತಿದ್ದು 1799ರ ಮೇ 4ರಂದು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಎಳೆಯ ಚಿತ್ರಕಾರ ಕೋಟೆ ಬಿದ್ದ ದೃಶ್ಯವನ್ನು ಲಂಡನ್ನಿನ ಲೈಸಿಯಂ ಎಂಬ ರಂಗಮಂದಿರದಲ್ಲಿ ತೋರಿಸಿದ. ಉದ್ದ ಸುಮಾರು 120 ಅಡಿ, ಪೂರ್ತಿ ಸುತ್ತಲ್ಲ. ಪುಣ್ಯಾತ್ಮ ಅಲ್ಲಿಯವರೆಗೆ ಭಾರತಕ್ಕೆ ಕಾಲಿಟ್ಟವನೇ ಅಲ್ಲ! ಜನ ಮಾತ್ರ ಮುಗಿಬಿದ್ದರು. ಪೇಪರಿನಲ್ಲಿ ಓದಿದ್ದ ಯುದ್ಧ ಕಣ್ಣೆದುರಿಗೇ ನಡೆದಂತಿತ್ತು, ಅದೂ ತಮ್ಮವರು ಗೆದ್ದಿದ್ದು. ಇತ್ತ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಸೋತವರು ಇಂಗ್ಲಿಷರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಿತ್ತು, ಅಲ್ವಾ? ಆಗದ ಮಾತು, ಪೋರ್ಟರನ ಚಿತ್ರ ಬೆಂಕಿಗೆ ಹೋಯಿತು. ಅದರ ಅಚ್ಚಿನ ಪ್ರತಿಗಳಷ್ಟೇ ಉಳಿದಿವೆ.

ಲೆಸ್ಟರ್ ಸ್ಕ್ವೇರಿನ ಪನೋರಮಾ 1863ರಲ್ಲಿ ಮುಚ್ಚಿತು. ಕೊನೆಗೆ ಸಿನಿಮಾ ಬಂದು ಉಳಿದವುಗಳನ್ನೂ ಹಿಂದಕ್ಕೆ ತಳ್ಳಿತು. ಆದರೂ ಅನುಭವಿಸಿ ನೋಡಬೇಕು ಅಂದರೆ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ 1881ರ ಮೆಸ್ಡಾಹ್ ಪನೋರಮಾ ಇಂದಿಗೂ ಇದೆ. 14 ಮೀಟರ್ ಎತ್ತರ, ಸುತ್ತಳತೆ ಸುಮಾರು 120 ಮೀಟರ್. ಅಟ್ಟಕ್ಕೂ ಚಿತ್ರಕ್ಕೂ ನಡುವೆ ನಿಜವಾದ ಮರಳು ಸುರಿದಿದ್ದಾರೆ. ಆ ಮರಳು ಎಲ್ಲಿ ಮುಗಿದು ಬಣ್ಣದ ಕಡಲತೀರ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುವುದೇ ಅಲ್ಲಿನ ಮಜಾ.