ಕರಾವಳಿಯ ಸ್ಕೂಟರಿಗೆ ಮಳೆ ಶತ್ರುವಲ್ಲ

ಹದಿನೈದು ವರ್ಷ ತುಂಬಿದ ಸ್ಕೂಟಿ ಪೆಪ್ ಪ್ಲಸ್ ಒಂದನ್ನು ಎಫ್‌ಸಿಗೆ, ಅಂದರೆ ಆರ್‌ಟಿಒ ಕಚೇರಿಯ ಫಿಟ್‌ನೆಸ್ ತಪಾಸಣೆಗೆ, ಒಯ್ಯುವ ಮುನ್ನ ಅಂಕೋಲಾ, ಕುಮಟಾ ಕಡೆ ನಡೆಯುವ ತಯಾರಿ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಪ್ರೆಶರಿನಲ್ಲಿ ನೀರು ಹೊಡೆಸುವುದು, ಅಡಿಗೆ ಡೀಸೆಲ್ ಸ್ಪ್ರೇ, ಮೈಗೆ ಪಾಲಿಶ್, ಸುಟ್ಟ ಬಲ್ಬಿಗೆ ಬದಲಿ, ಮುಂದಕ್ಕೊಂದು ನಿಂಬೆಹಣ್ಣು, ಹಸಿಮೆಣಸಿನ ಸರ. ಗಾಡಿ ಬಹಳ ಸಲ ಪಾಸಾಗುತ್ತದೆ. "ಸಣ್ಣ ಗಾಡಿ, ಆದ್ರೆ ಗಟ್ಟಿ ಮಾರಾಯ್ರೆ" ಎಂಬ ಮಾತು ಹುಟ್ಟುವುದು ಅಲ್ಲಿ.

ಆ ಮಾತಿನಲ್ಲಿ ಎರಡು ತಪ್ಪಿವೆ. ಒಂದು ಲೆಕ್ಕದ್ದು. ತಪಾಸಣೆಗೆ ಬಂದವುಗಳಲ್ಲಿ ಎಷ್ಟು ಪಾಸಾದವು ಎಂದು ಎಣಿಸುವಾಗ ಬಾರದೇ ಹೋದವು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಫ್ರೇಮು ತಿಂದುಹೋದ ಗಾಡಿ ಅಷ್ಟರೊಳಗೇ ಗುಜರಿ ಸೇರಿರುತ್ತದೆ. ದೇವಸ್ಥಾನದ ಕಟ್ಟೆಯ ಮೇಲೆ ಕೂತ ಅಜ್ಜಂದಿರ ವಯಸ್ಸು ಕೇಳಿ ಊರಿನವರ ಆಯುಷ್ಯ ಇಷ್ಟು ಎಂದು ಹೇಳಿದರೆ ಹೇಗೋ ಇದೂ ಹಾಗೆ. ಎರಡನೆಯ ತಪ್ಪು ತುಕ್ಕಿನ ಬಗೆಗಿನದು, ಅದು ಇನ್ನೂ ದೊಡ್ಡದು.

ಅದಕ್ಕೆ ಮೊದಲು ಕಾನೂನು ಒಂದಿಷ್ಟು. ಸ್ವಂತ ಬಳಕೆಯ ದ್ವಿಚಕ್ರಕ್ಕೆ ನಮ್ಮಲ್ಲಿ ವರ್ಷಕ್ಕೊಮ್ಮೆ ತಪಾಸಣೆ ಎಂಬುದೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಗಾಡಿ ತೋರಿಸಿ ನವೀಕರಿಸಿದರೆ ಮತ್ತೆ 5 ವರ್ಷ. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. ನಿಜವಾದ ಎಫ್‌ಸಿ ಇರುವುದು ಆಟೊ, ಟೆಂಪೊಗಳಿಗೆ. ಅವು 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಹೋಗಬೇಕು. ಸ್ಕೂಟರಿನದು ಆರ್‌ಸಿ ನವೀಕರಣ, ಬಾಯಿಮಾತಿನಲ್ಲಿ ಅದೂ ಎಫ್‌ಸಿಯೇ. ಬ್ರಿಟನ್ನಿನಲ್ಲೂ ಇಂಥದ್ದೇ ಕತೆ. 1960ರಲ್ಲಿ ಸಾರಿಗೆ ಸಚಿವಾಲಯ ಹತ್ತು ವರ್ಷ ದಾಟಿದ ಗಾಡಿಗಳ ಬ್ರೇಕು, ದೀಪ, ಸ್ಟಿಯರಿಂಗ್ ನೋಡಲು ಶುರುಮಾಡಿತು. 1967ರ ಹೊತ್ತಿಗೆ ಅದು ಮೂರು ವರ್ಷದ ಗಾಡಿಗಳಿಗೂ ಬಂತು. ಆ ಹೆಸರಿನ ಸಚಿವಾಲಯ ಈಗಿಲ್ಲ, ಆದರೂ ಜನ ತಪಾಸಣೆಗೆ ಇಂದಿಗೂ ಎಂಒಟಿ (ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್) ಎನ್ನುತ್ತಾರೆ. ಅಲ್ಲಿ ಸಣ್ಣ ಸ್ಕೂಟರೂ ಪ್ರತಿ ವರ್ಷ ಹೋಗಲೇಬೇಕು, ಮತ್ತು ತಪಾಸಣೆಯವನು ಚಾಸಿಸ್ಸಿನ ಅನುಮಾನದ ಜಾಗಗಳನ್ನು ಸಣ್ಣ ಸುತ್ತಿಗೆಯಂಥ ಉಪಕರಣದಿಂದ ತಟ್ಟಿ ನೋಡುತ್ತಾನೆ. ನಮಗೆ ಬೇಕಾದದ್ದು ಆ ತಟ್ಟುವಿಕೆ.

ಏಕೆಂದರೆ ತುಕ್ಕು ಕಣ್ಣಿಗೆ ಕಾಣುವ ಕಡೆ ತಿನ್ನುವುದಿಲ್ಲ.

ಕಬ್ಬಿಣ ಒದ್ದೆಯಾದರೆ ತುಕ್ಕು ಹಿಡಿಯುತ್ತದೆ ಎಂಬುದು ಅರ್ಧ ಸತ್ಯ. ಇನ್ನರ್ಧವನ್ನು 1920ರ ದಶಕದಲ್ಲಿ ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿದರು. ಪಿಯು ಕಾಲೇಜಿನ ಲ್ಯಾಬಿನಲ್ಲೂ ಇದನ್ನು ಮಾಡಬಹುದು. ಉಪ್ಪುನೀರಿಗೆ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡ್, ಸ್ವಲ್ಪ ಫೀನಾಫ್ತಲೀನ್ ಸೇರಿಸಿ, ಉಜ್ಜಿ ಹೊಳಪು ಬಂದ ಉಕ್ಕಿನ ತಗಡಿನ ಮೇಲೆ ಒಂದು ದಪ್ಪ ಹನಿ ಇಡಿ. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಅಂಚಿನ ಸುತ್ತ ಗುಲಾಬಿ. ನೀಲಿ ಎಂದರೆ ಕಬ್ಬಿಣ ಕರಗುತ್ತಿದೆ ಎಂದರ್ಥ. ಗುಲಾಬಿ ಎಂದರೆ ಆಮ್ಲಜನಕ ಎಲೆಕ್ಟ್ರಾನ್ ಎತ್ತಿಕೊಂಡು ಕ್ಷಾರವಾಗುತ್ತಿದೆ. ವಿಚಿತ್ರ ನೋಡಿ: ಗಾಳಿ ಧಾರಾಳವಾಗಿ ಸಿಗುವ ಅಂಚು ಸುರಕ್ಷಿತ, ಗಾಳಿ ತಲುಪಲು ಕಷ್ಟಪಡುವ ನಡುವಿಗೆ ಸಾವು. ಕಂದು ತುಕ್ಕಿನ ಬಳೆ ಮೂಡುವುದು ಇವೆರಡರ ಮಧ್ಯೆ, ಅಂದರೆ ತುಕ್ಕು ಕಂಡ ಜಾಗ ಬೇರೆ, ಲೋಹ ಹೋದ ಜಾಗ ಬೇರೆ.

ಕಬ್ಬಿಣ ಎಲೆಕ್ಟ್ರಾನ್ ಕೊಡುವುದು ಒಂದು ಕಡೆ, ಆಮ್ಲಜನಕ ಅದನ್ನು ತೆಗೆದುಕೊಳ್ಳುವುದು ಇನ್ನೊಂದು ಕಡೆ. ನಡುವೆ ಲೋಹವೇ ತಂತಿ, ಉಪ್ಪುನೀರೇ ಹಿಂದಿರುಗುವ ದಾರಿ. ಹೀಗಾಗಿ ಊರೆಲ್ಲ ಉಂಡ ಊಟಕ್ಕೆ ಮೂಲೆಯಲ್ಲಿ ಕೂತ ಒಬ್ಬನ ಕಿಸೆಯಿಂದ ದುಡ್ಡು ಹೋಗುತ್ತದೆ. ಅಘನಾಶಿನಿ ನದಿಯ ದಡದಲ್ಲಿ ಉಪ್ಪುನೀರನ್ನು ಕಟ್ಟೆಯಿಂದ ತಡೆದು ಭತ್ತ ಬೆಳೆಯುವ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇನ್ನೊಂದು ಹೋಲಿಕೆ: ಕಟ್ಟೆ ಎಷ್ಟೇ ಉದ್ದವಿರಲಿ, ಏಡಿ ಕೊರೆದ ಒಂದು ಬಿಲ ಇದ್ದರೆ ಭರತದ ನೀರೆಲ್ಲ ಅಲ್ಲೇ ನುಗ್ಗುತ್ತದೆ. ಕಟ್ಟೆ ಒಡೆಯುವುದು ಆ ಬಿಲದಿಂದಲೇ. ಗಾಳಿ ಸಿಗುವ ವಿಸ್ತಾರ ದೊಡ್ಡದಿದ್ದು ಗಾಳಿ ಸಿಗದ ಸಂದು ಚಿಕ್ಕದಿದ್ದಷ್ಟೂ ಆ ಸಂದು ಬೇಗ ತೂತಾಗುತ್ತದೆ. ಒಳಗೆ ಹುಟ್ಟಿದ ತುಕ್ಕು ಮೂಲ ಲೋಹದ ಎರಡರಿಂದ ನಾಲ್ಕು ಪಟ್ಟು ಜಾಗ ಕೇಳುತ್ತದೆ. ಭತ್ತ ಅರಳಾಗುವ ಹಾಗೆ ಅದು ಉಬ್ಬಿ, ಎರಡು ತಗಡುಗಳ ನಡುವಿನ ಸಂದನ್ನು ಸೀಳಿ, ನೀರಿಗೆ ಮತ್ತಷ್ಟು ಜಾಗ ಮಾಡಿಕೊಡುತ್ತದೆ.

ಇನ್ನು ಉಪ್ಪು. ಸಾಣಿಕಟ್ಟೆಯ ಉಪ್ಪನ್ನು ಭರಣಿಯಲ್ಲಿ ತುಂಬಿಟ್ಟ ಮನೆಗಳಿಗೆ ಗೊತ್ತು, ಆಷಾಢದಲ್ಲಿ ಅದು ತಾನೇ ನೀರು ಬಿಡುತ್ತದೆ. ಗಾಳಿಯ ತೇವ ಶೇ. 75 ದಾಟಿದರೆ ಶುದ್ಧ ಸೋಡಿಯಂ ಕ್ಲೋರೈಡ್ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟು ತೇವ ಸಾಕು. ಕಾರವಾರದಲ್ಲಿ ಗಾಳಿ ಅಷ್ಟು ಒಣಗುವ ದಿನ ಎಲ್ಲಿಂದ ಬರಬೇಕು? ಅಲೆ ಒಡೆದು ಗಾಳಿಗೆ ಸೇರಿದ ಉಪ್ಪಿನ ಕಣ ಫುಟ್‌ಬೋರ್ಡಿನ ಅಡಿಗೆ ಅಂಟಿತೆಂದರೆ ಜನವರಿಯ ಬಿಸಿಲಿನಲ್ಲೂ ಆ ಜಾಗ ಒದ್ದೆಯೇ, ಮುಟ್ಟಿದರೆ ತಿಳಿಯದಷ್ಟು ತೆಳುವಾದ ಒದ್ದೆ.

ಮಳೆ ಶತ್ರುವಲ್ಲ ಎಂದದ್ದು ಇದಕ್ಕೆ. ಜೂನ್ ತಿಂಗಳ ಮಳೆ ಸಿಹಿನೀರು, ತೆರೆದ ಮೈಯ ಉಪ್ಪನ್ನೆಲ್ಲ ತೊಳೆದುಬಿಡುತ್ತದೆ. ಉಪ್ಪು ಕೂಡುವುದು ನವೆಂಬರಿನಿಂದ ಮೇ ತನಕ, ಮಧ್ಯಾಹ್ನದ ಕಡಲಗಾಳಿಯಲ್ಲಿ. ಅದೂ ಮಳೆಯ ಕೈ ತಲುಪದ ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತದೆ. ಟಾರ್ಪಾಲು ಹೊದೆಸಿದ ಗಾಡಿ ಇನ್ನೂ ಕೆಟ್ಟದ್ದು, ಒಳಗಿನ ಆವಿ ಹೊರಗೆ ಹೋಗುವುದೇ ಇಲ್ಲ. ಟೆಫ್ಲಾನ್ ಕೋಟಿಂಗ್ ಎಂದು ಮಾರುವ ಹೊಳಪಿನ ಕತೆಯೂ ಅಷ್ಟೇ, ಅದನ್ನು ಹಚ್ಚುವುದು ತುಕ್ಕು ಶುರುವಾಗದ ಕಡೆ. ಡೀಸೆಲ್ ಅಂತೂ ಕೆಲವೇ ದಿನಕ್ಕೆ ಹಾರಿಹೋಗಿ ಧೂಳು ಹಿಡಿದಿಟ್ಟುಕೊಳ್ಳುವ ಜಿಡ್ಡನ್ನಷ್ಟೇ ಉಳಿಸುತ್ತದೆ, ರಬ್ಬರ್ ಬುಷ್ ಉಬ್ಬಿಸುತ್ತದೆ, ಡ್ರಮ್ಮಿನೊಳಗೆ ಹೋದರೆ ಬ್ರೇಕೂ ಹೋಯಿತು. ನಿಂಬೆಹಣ್ಣಿನ ಬಗ್ಗೆ ಹೇಳುವುದಾದರೆ, ಕಬ್ಬಿಣದ ತಂತಿಯಲ್ಲಿ ಪೋಣಿಸಿದ ನಿಂಬೆ ದೃಷ್ಟಿ ತೆಗೆಯುತ್ತದೋ ಇಲ್ಲವೋ, ಸಿಟ್ರಿಕ್ ಆಮ್ಲವನ್ನಂತೂ ಮಡ್‌ಗಾರ್ಡಿನ ಮೇಲೆ ತೊಟ್ಟಿಕ್ಕುತ್ತದೆ.

ಹಡಗಿಗೆ ಜಿಂಕ್ ಗಟ್ಟಿ ಕಟ್ಟುತ್ತಾರಲ್ಲ, ಸ್ಕೂಟರಿಗೂ ಕಟ್ಟಿದರಾಗದೇ ಎಂದು ಕೇಳುವವರಿದ್ದಾರೆ. ಇದರ ಮೂಲ 1824ರಲ್ಲಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ಹೊದೆಸಿದ ತಾಮ್ರ ಸವೆಯುತ್ತಿತ್ತು. ಹಂಫ್ರಿ ಡೇವಿ ಅದಕ್ಕೆ ಕಬ್ಬಿಣ, ಸತುವಿನ ತುಂಡು ಜೋಡಿಸಿದರು. ತಾಮ್ರ ಉಳಿಯಿತು. ಆದರೆ ಕರಗದ ತಾಮ್ರಕ್ಕೆ ಚಿಪ್ಪುಜೀವಿಗಳನ್ನು ಕೊಲ್ಲುವ ವಿಷವೂ ಇಲ್ಲವಾಗಿ, ತಳದ ತುಂಬ ಅವು ಮೆತ್ತಿಕೊಂಡು ಹಡಗು ನಿಧಾನವಾಯಿತು! ಉಪಾಯ ಸರಿಯೇ ಇತ್ತು, ಇಂದಿಗೂ ಉಕ್ಕಿನ ಹಡಗುಗಳು ಅದನ್ನೇ ನಂಬಿವೆ. ಆದರೆ ಅದು ಕೆಲಸ ಮಾಡಲು ಸತುವೂ ಉಕ್ಕೂ ಒಂದೇ ನೀರಿನಲ್ಲಿ ಮುಳುಗಿರಬೇಕು. ಸ್ಕೂಟರಿನ ಮೇಲಿರುವುದು ಬಿಡಿಬಿಡಿ ಹನಿಗಳು. ಹ್ಯಾಂಡಲ್ಲಿನ ಹತ್ತಿರ ಕಟ್ಟಿದ ಸತು ಸ್ಟ್ಯಾಂಡಿನ ಬಳಿಯ ಹನಿಯನ್ನು ಮುಟ್ಟುವುದೇ ಇಲ್ಲ. ಸತುವಿನ ಪುಡಿ ಬೆರೆಸಿದ ಪ್ರೈಮರ್ ಆದರೆ ಸರಿ, ಅಲ್ಲಿ ಪ್ರತಿ ಹನಿಯೊಳಗೂ ಸತು ಇರುತ್ತದೆ. ಹಚ್ಚುವ ಮೊದಲು ತುಕ್ಕು ಕೆರೆದು ಲೋಹ ಕಾಣಬೇಕು. ತುಕ್ಕಿನ ಮೇಲೆಯೇ ಕಪ್ಪು ಪೇಂಟ್ ಹೊಡೆದರೆ ಒಳಗಿನ ಉಪ್ಪಿಗೆ ಬಾಗಿಲು ಹಾಕಿ ಕೊಟ್ಟಂತೆ.

ಹಾಗಾದರೆ ನೋಡಬೇಕಾದದ್ದು ಎಲ್ಲಿ? ಆ್ಯಕ್ಟಿವಾದಂಥ ಲೋಹದ ಮೈಯ ಗಾಡಿ ತನ್ನ ತುಕ್ಕನ್ನು ಹೊರಗೇ ತೋರಿಸುತ್ತದೆ. ಪೆಪ್ ಪ್ಲಸ್ ನೂರು ಕಿಲೋದೊಳಗಿನ, 87.8 ಸಿಸಿಯ ಗಾಡಿ, ಹೊದಿಕೆ ಪ್ಲಾಸ್ಟಿಕ್. ಹೊರಗೆ ಹದಿನೈದು ವರ್ಷವಾದರೂ ಚಂದ, ಒಳಗಿನ ಉಕ್ಕಿನ ಕೊಳವೆಯ ಗತಿ ಬಿಚ್ಚದೆ ತಿಳಿಯದು. ಫುಟ್‌ಬೋರ್ಡಿನ ರಬ್ಬರ್ ಮ್ಯಾಟ್ ಎತ್ತಿ, ಸ್ಕ್ರೂ ತೆಗೆದು ಪ್ಲಾಸ್ಟಿಕ್ ಬಿಚ್ಚಿ. ಕೊಳವೆ ಬಾಗುವ ಕಡೆ, ಬೆಸುಗೆಯ ಪಕ್ಕ, ಆಮೇಲೆ ಹಾಕಿಸಿದ ಕ್ರ್ಯಾಶ್‌ಗಾರ್ಡಿನ ಕ್ಲಾಂಪಿನ ಅಡಿ, ಸೆಂಟರ್ ಸ್ಟ್ಯಾಂಡಿನ ಪಿನ್ ಕೂರುವ ಬ್ರಾಕೆಟ್, ಇಲ್ಲೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ. ತಿಂದುಹೋದದ್ದು ಹಣ್ಣಾದ ಹಲಸಿನಕಾಯಿಯ ಹಾಗೆ ಡಬ್ ಎನ್ನುತ್ತದೆ.

ತಪಾಸಣೆಯ ದಿನ ನಿಜಕ್ಕೂ ತೊಡಕಾಗುವ ತುಕ್ಕು ಒಂದಿದೆ, ಚಾಸಿಸ್ ನಂಬರಿನದು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಅಂಕೆ ಮೂಡದಿದ್ದರೆ ಗಾಡಿ ವಾಪಸ್. ಗಾಬರಿಯಲ್ಲಿ ಎಮರಿ ಪೇಪರ್ ಹಿಡಿದು ಉಜ್ಜುವವರೇ ಹೆಚ್ಚು. ಉಳಿದ ಅಂಕೆಯೂ ಹೋಗುತ್ತದೆ, ತಿದ್ದಿದ ಅನುಮಾನವೂ ಬರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ರಾತ್ರಿ ಅಂಟಿಸಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಅಚ್ಚು ತೆಗೆದಾದ ಮೇಲೆ ತೆಳುವಾಗಿ ಗ್ರೀಸ್ ಬಳಿದರೆ ಮುಂದಿನ ಐದು ವರ್ಷಕ್ಕೆ ಚಿಂತೆಯಿಲ್ಲ.

ದೀಪ ಮಂಕಾದರೆ ಬಲ್ಬು ಬದಲಿಸುವ ಮುನ್ನ ಅರ್ತ್ ತಂತಿ ನೋಡಿ. ಫ್ರೇಮಿಗೆ ಬೋಲ್ಟಾದ ಜಾಗದಲ್ಲಿ ತುಕ್ಕು ಕೂತು 12 ವೋಲ್ಟ್ 10ಕ್ಕೆ ಇಳಿದರೆ ಹಳೆಯ ತಂತಿ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧವಾಗುತ್ತದೆ, ಏಕೆಂದರೆ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಬೀಳುತ್ತದೆ. ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬ್ರೇಕ್ ಲೈಟು ಎರಡೂ ಲಿವರಿಗೆ ಉರಿಯಬೇಕು.

ಸೈಲೆನ್ಸರಿನ ರೋಗ ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ! ದೂರ ಓಡಿದ ಗಾಡಿಯಲ್ಲಿ ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಮೀನು ಪೇಟೆಗೆ, ಅಲ್ಲಿಂದ ಮನೆಗೆ ಎಂದು ಎರಡೇ ಕಿಲೋಮೀಟರ್ ಓಡುವ ಗಾಡಿಯ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ನೀರು ಒಳಗೇ ನಿಲ್ಲುತ್ತದೆ. ಅಡಿಯಲ್ಲಿ ಸಣ್ಣ ತೂತು ಇದ್ದರೆ ಅದು ನೀರು ಹೋಗಲೆಂದೇ ಇಟ್ಟದ್ದು, ಕೆಸರು ಕಟ್ಟದಂತೆ ನೋಡಿಕೊಳ್ಳಿ. ಹೊಗೆ ತಪಾಸಣೆಗೂ ಬಿಸಿ ಗಾಡಿಯನ್ನೇ ಒಯ್ಯಬೇಕು, ಹತ್ತು ನಿಮಿಷ ಓಡಿಸಿ. 2000ದ ನಂತರ ಬಂದ ಹಳೆಯ ಫೋರ್‌ಸ್ಟ್ರೋಕ್ ಕಾರ್ಬುರೇಟರ್ ಗಾಡಿಗಳಿಗೆ ಐಡಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3.5, ಹೈಡ್ರೋಕಾರ್ಬನ್ 4,500 ಪಿಪಿಎಂ ಮಿತಿ. ದಾಟಿದರೆ ಮೊದಲ ಅನುಮಾನ ಏರ್ ಫಿಲ್ಟರಿನ ಮೇಲೆ, ಆಮೇಲೆ ಚೋಕಿನ ಮೇಲೆ, ಕೊನೆಗೆ ಕಾರ್ಬುರೇಟರಿನ ಸ್ಕ್ರೂ. ಎಣ್ಣೆ ಸವರಿದ ಕಾಗದದ ಫಿಲ್ಟರಾದರೆ ಗಾಳಿ ಹೊಡೆಯಬೇಡಿ, ಬದಲಿಸಿ.

ಘಟ್ಟದ ಮೇಲಿನ ಶಿರಸಿಯದು ಬೇರೆ ಲೆಕ್ಕ. ಅಲ್ಲಿಗೆ ಕಡಲ ಉಪ್ಪು ತಲುಪುವುದು ಅತ್ಯಲ್ಪ, ಶಿರಸಿಯ ಕೆಎ 31 ನಂಬರಿನ ಗಾಡಿಯ ಫ್ರೇಮು ಕಾರವಾರದ ಕೆಎ 30ರದಕ್ಕಿಂತ ಹೆಚ್ಚು ಕಾಲ ಬಾಳುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿನ ಚಿಂತೆ ಕುಮಟಾ ಕಡೆ ಇಳಿಯುವ ದೇವಿಮನೆ ಘಟ್ಟ. ಪೆಪ್ ಪ್ಲಸ್‌ನ ಎರಡೂ ಬ್ರೇಕು 110 ಮಿ.ಮೀ. ಡ್ರಮ್ಮುಗಳು. ಬೆಲ್ಟಿನ ಗಾಡಿಯಲ್ಲಿ ವೇಗ ಇಳಿದಾಗ ಕ್ಲಚ್ ತಾನೇ ಬಿಟ್ಟುಬಿಡುವುದರಿಂದ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವೂ ಇಲ್ಲ, ಎಲ್ಲ ಭಾರ ಲೈನರಿನ ಮೇಲೆ. ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಲಿ. ಬ್ರೇಕ್ ಹಿಡಿದು ಬಿಟ್ಟ ಮೇಲೆ ಚಕ್ರ ಸಲೀಸಾಗಿ ತಿರುಗದಿದ್ದರೆ ಬ್ರೇಕ್ ಶೂ ಅಗಲಿಸುವ ಕ್ಯಾಮ್ ಪಿನ್ನಿಗೆ ತುಕ್ಕು ಹಿಡಿದಿದೆ. ಬಿಚ್ಚಿ ಉಜ್ಜಿ ಶಾಖ ತಡೆಯುವ ಗ್ರೀಸನ್ನು ಸವರಿದಷ್ಟೇ ಹಚ್ಚಬೇಕು. ಡ್ರಮ್ಮಿನ ಧೂಳನ್ನು ಬಾಯಿಯಿಂದ ಊದುವ ಅಭ್ಯಾಸ ಬಿಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಕರಾವಳಿಯವರು ಮನೆಯಲ್ಲೇ ವರ್ಷಕ್ಕೊಮ್ಮೆ ಮಾಡಿಕೊಳ್ಳಬೇಕಾದ ತಪಾಸಣೆಯ ತಿಂಗಳು ಮೇ, ಮಳೆ ಹಿಡಿಯುವ ಮೊದಲು. ನವೆಂಬರಿನಿಂದಲೇ ಹದಿನೈದು ದಿನಕ್ಕೊಮ್ಮೆ ಪೈಪಿನ ಸಾದಾ ನೀರನ್ನು ಕೆಳಗಿನಿಂದ ಮೇಲಕ್ಕೆ, ಫುಟ್‌ಬೋರ್ಡಿನ ಅಡಿಗೆ, ಮಡ್‌ಗಾರ್ಡಿನ ಒಳಕ್ಕೆ ಹಿಡಿಯಬೇಕು. ಪ್ರೆಶರ್ ಬೇಡ, ಅದು ಉಪ್ಪನ್ನು ಸಂದಿನೊಳಗೆ ಇನ್ನೂ ನೂಕುತ್ತದೆ. ಅಳಿವೆಯ ಹತ್ತಿರದ ಬಾವಿಗಳು ಏಪ್ರಿಲ್ ಹೊತ್ತಿಗೆ ಸವಳಾಗುತ್ತವೆ. ನಾಲಿಗೆಗೆ ಉಪ್ಪು ತಿಳಿಯುವ ನೀರಿನಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದು ಮೇಲು. ತಟ್ಟಿದಾಗ ಸ್ಕ್ರೂಡ್ರೈವರ್ ಒಳಗೇ ಹೋಯಿತು ಎಂದಾದರೆ ತೂತಿನ ಮೇಲೆ ತಗಡು ಹಚ್ಚಿ ವೆಲ್ಡ್ ಮಾಡಿಸಬೇಡಿ. ಎರಡು ತಗಡಿನ ನಡುವೆ ಹೊಸದೊಂದು ಸಂದು ಹುಟ್ಟಿತು, ಇವಾನ್ಸರ ಹನಿಗೆ ಹೊಸ ಮನೆ. ತಿಂದ ಭಾಗ ಕತ್ತರಿಸಿ, ಒಳಗೆ ಕೊಳವೆ ತೂರಿಸಿ, ಸುತ್ತಲೂ ಬಿಡುವಿಲ್ಲದಂತೆ ಬೆಸೆಯಬೇಕು. ತೂತು ಇರುವುದು ಸ್ಟಿಯರಿಂಗ್ ಕುತ್ತಿಗೆಯ ಬುಡದಲ್ಲಾದರೆ ಅದೂ ಬೇಡ, ಗುಜರಿಯವನಿಗೆ ಫೋನ್ ಮಾಡಿ.